ಅತ್ತೆಯ ಕೂಳಿ, ಚಿಕ್ಕಮಾವನ ಬಲೆ

ನಮ್ಮತ್ತೆಯ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿತ್ತು. ಏಡಿ ಕಚ್ಚಿದ್ದು. ಆ ಬೆರಳನ್ನೇ ನನ್ನ ಮುಖದ ಮುಂದೆ ಆಡಿಸಿ ಬೈಯುವರು. ಮದುವೆಯಾಗಿ ಬಂದ ಹೊಸದರಲ್ಲಿ ಆ ಉಗುರು ಕಂಡರೇ ನನಗೆ ಮೈ ಉರಿಯುತ್ತಿತ್ತು.

ನಾನು ಕವಲಂದೆಯವಳು. ಬೋರ್‌ವೆಲ್ ನೀರು ಕುಡಿದು ಬೆಳೆದವಳಿಗೆ ಹೊಳೆ ಎಂದರೆ ನಂಜನಗೂಡಿನಲ್ಲಿ ಮುಳುಗಿ ಎದ್ದು ಬರುವ ಜಾಗ, ಅಷ್ಟೇ. ಅತ್ತೆಯ ಊರು ಕಪಿಲಾ ಹೊಳೆ ತಿ. ನರಸೀಪುರದ ಕಡೆಗೆ ಇಳಿಯುವ ದಾರಿಯಲ್ಲಿ, ದಡದ ಮೇಲೇ. ತಾಲ್ಲೂಕು ಕಚೇರಿಯಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದ ಅವರಿಗೆ ಏಡಿ ಹಿಡಿಯುವುದು ಹೊಟ್ಟೆಪಾಡಲ್ಲ, ಹುಚ್ಚು. ಭಾನುವಾರ ಬಂತೆಂದರೆ ಸೀರೆ ಎತ್ತಿ ಕಟ್ಟಿ, ಕೋಳಿ ಕರುಳು ಹಿಡಿದು ಹೊರಟೇಬಿಡುವರು. ಬರಬರುತ್ತಾ ನನ್ನನ್ನೂ ಎಳೆದುಕೊಂಡು ಹೋಗತೊಡಗಿದರು.

ಏಡಿ ಹಿಡಿಯುವ ಬಿದಿರಿನ ಬುಟ್ಟಿ, ಕೂಳಿ, ಅದನ್ನು ಅವರೇ ಹೆಣೆಯಬೇಕು. ಬಾಯಿಗೆ ಕಡ್ಡಿ ಅಡ್ಡಕೊಟ್ಟು ಸೀಳಿನಷ್ಟೇ ದಾರಿ ಬಿಡುವರು. ಏಡಿ ಓರೆಯಾಗಿ ನುಸುಳುತ್ತದೆ, ನೀರುನಾಯಿ ಮರಿಯ ತಲೆ ತೂರುವುದಿಲ್ಲ. ಎಳೆ ಆಮೆ ಹೊಕ್ಕರೂ ಉಸಿರಾಡಲಿ ಎಂದು ಕೂಳಿಯ ಬೆನ್ನು ನೀರಿನ ಮೇಲಿರುವಂತೆ ಗೂಟಕ್ಕೆ ಕಟ್ಟುವರು. ಬಾಗಿಲಿಗೆ ಸೆಣಬಿನ ದಾರವೇ ಆಗಬೇಕು. ಗಟ್ಟಿ ಇರಲಿ ಎಂದು ನಾನೊಮ್ಮೆ ನೈಲಾನ್ ಕಟ್ಟಿದ್ದಕ್ಕೆ ಹಲ್ಲಿನಿಂದ ಕಚ್ಚಿ ಕಿತ್ತರು.

"ಕೂಳಿ ಕೊಚ್ಕೊಂಡು ಓದ್ರೆ ಸೆಣಬು ಕೊಳ್ತು ಬಾಗ್ಲು ಬುಡ್ತದೆ ಕಣವ್ವ. ನಿನ್ನ ನೈಲಾನು ಕೊಳ್ತದಾ? ಒಳಗಿರೋ ಜೀವ ಉಪಾಸ ಬಿದ್ದು ಸಾಯ್ಬೇಕಾ?"

ಎದುರು ಬಂಡೆಗೆ ನೀರುನಾಯಿಗಳ ಸಂಸಾರವೊಂದು ಬರುತ್ತಿತ್ತು. ಕಟಕಟನೆ ಏಡಿ ಕಡಿಯುವ ಅವನ್ನು ಅತ್ತೆ "ನಮ್ ಪಾಲುದಾರ್ರು" ಎಂದು ನಗುವರು.

ಮಾವ ಇಲ್ಲವಾಗಿ ಬಹಳ ಕಾಲವಾಗಿತ್ತು. ಅವರ ತಮ್ಮ, ನನ್ನ ಚಿಕ್ಕಮಾವ, ಅದೇ ಬೀದಿಯಲ್ಲಿದ್ದಾರೆ. ಮೈಸೂರಿನ ಗೆಳೆಯರನ್ನು ಕರೆತಂದು ಹೊಳೆದಂಡೆಯಲ್ಲಿ ಪಾರ್ಟಿ ಮಾಡುವ ಚಟ. ಆನ್‌ಲೈನಿನಲ್ಲಿ ತರಿಸಿದ ಮಡಚುವ ನೈಲಾನ್ ಬಲೆಗಳನ್ನು ತಳಕ್ಕೆ ಇಳಿಬಿಟ್ಟು, ಕುಡಿದು, ಮರೆತು ಎದ್ದು ಹೋಗುವರು. ಅಂಥದೊಂದು ಬಲೆಯೊಳಗೆ ತಾಯಿ ನೀರುನಾಯಿ, ಮರಿ, ಎರಡೂ ಉಸಿರುಕಟ್ಟಿ ಸತ್ತವು. ಅತ್ತೆ ಬಲೆ ಸಮೇತ ಹೊತ್ತು ತಂದು, ಗೆಳೆಯರ ಜೊತೆ ಕೂತಿದ್ದ ಚಿಕ್ಕಮಾವನ ಜಗಲಿಯ ಮೇಲೆ ಧಡಾರನೆ ಹಾಕಿದರು.

"ಏನತ್ಗೆ ಇದು!"

"ನಿನ್ ಬ್ಯಾಟೆ ಕಣಪ್ಪ. ಬೇಯ್ಸ್ಕೊಂಡು ತಿನ್ನು."

"ಬುಡಿ ಅತ್ಗೆ, ಒಂದ್ ನಾಯಿ ಸತ್ತುದ್ಕೆ ಈಪಾಟಿ ರಂಪಾನಾ?" ಎಂದು ಅವರು ನಕ್ಕರು. ಗೆಳೆಯರೂ ನಕ್ಕರು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ, ಸುಡುಗಾಡು ನಗು.

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಸತ್ತವರಿಗೆ ಇಷ್ಟವಾದ ಅಡುಗೆ ಮಾಡಿ ಎಡೆ ಇಡುತ್ತೇವೆ. ಮಾವನಿಗೆ ಏಡಿ ಸಾರು. ಮೊದಲು ಸಾಂಬ್ರಾಣಿ ಹಾಕುವುದು ಒಡಹುಟ್ಟಿದ ತಮ್ಮ. ಆ ವರ್ಷ ಅತ್ತೆ ಹೊಸ್ತಿಲಿಗೆ ಅಡ್ಡ ನಿಂತರು.

"ಒಳೇಲಿರೋ ಬಲೆ ಎಲ್ಲಾನೂ ತಂದು ಅಂಗಳಕ್ಕಾಕು. ಆಮೇಲೆ ನಿಮ್ಮಣ್ಣನ ಮುಂದುಕ್ಕೆ ಬಾ."

ಅವರು ತರಲಿಲ್ಲ. ಅತ್ತೆ ಬಿಡಲಿಲ್ಲ. ಪ್ರತಿ ವರ್ಷವೂ ಅಣ್ಣನ ಎಡೆಯ ಘಮ ಮೂಗಿಗೆ ಬಡಿಯುವಾಗ ಚಿಕ್ಕಮಾವ ಬೀದಿಯಲ್ಲಿ ನಿಂತು ಹಿಂತಿರುಗುತ್ತಿದ್ದರು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಖುಷಿ. ನೆಂಟರು ರಾಜಿಗೆ ಬಂದರೆ ಅತ್ತೆ ಕಾಫಿ ಕೊಟ್ಟು ಕಳಿಸುವರು.

ಹೋದ ಬೇಸಗೆಯಲ್ಲಿ ಅತ್ತೆ ಹಾಸಿಗೆ ಹಿಡಿದರು. ಕೊನೆಗೆ ನನ್ನನ್ನು ಹತ್ತಿರ ಕರೆದು, "ಅವ್ನು ಊವಿನಾರ ತಂದ್ರೆ ಇಸ್ಕೋಬೇಡ ಕಣವ್ವ. ಬಲೆ ತಂದ್ರೆ ಇಸ್ಕೋ" ಎಂದರು.

ಹೆಣ ಅಂಗಳದಲ್ಲಿತ್ತು. ಚಿಕ್ಕಮಾವ ದೊಡ್ಡ ಸುಗಂಧರಾಜದ ಹಾರ ಹಿಡಿದು ಬಂದರು. ನಾನು ಎದ್ದು ಅಡ್ಡ ನಿಂತೆ.

"ಹಾರ ಬ್ಯಾಡಿ ಚಿಕ್ಕಮಾವ. ಬಲೆ ತನ್ನಿ."

ಊರೆಲ್ಲ ನೋಡುತ್ತಿತ್ತು. ಅವರು ಮುಖ ಕೆಂಪಗೆ ಮಾಡಿಕೊಂಡು ಹೋಗಿ, ಒಂದು ಬಲೆ ತಂದು ನನ್ನ ಕಾಲ ಬಳಿ ಎಸೆದರು. ಎತ್ತಿ ಮೂಸಿದೆ. ಕೆಸರಿಲ್ಲ, ಹೊಳೆಯ ವಾಸನೆಯಿಲ್ಲ, ಕವರಿನಿಂದ ಆಗಷ್ಟೇ ಬಿಚ್ಚಿದ ಹೊಸ ಬಲೆ. ಸತ್ತ ಅತ್ತಿಗೆಗೂ ಮೋಸ! ಅದನ್ನು ಬೀದಿಗೆ ಬಿಸಾಡಿದೆ. ಗಂಡಸರು ಚಟ್ಟ ಎತ್ತಿದರು. ಚಿಕ್ಕಮಾವ ಹಾರ ಹಿಡಿದು ಗೋಡೆಗೆ ಒರಗಿಕೊಂಡೇ ಉಳಿದರು. ಅತ್ತೆ ಅದಿಲ್ಲದೆಯೇ ಹೋದರು.

ಈಗ ಭಾನುವಾರ ನಾನೇ ಕುಡುಗೋಲು ಹಿಡಿದು ಹೊಳೆಗೆ ಇಳಿಯುತ್ತೇನೆ. ಕೈಗೆ ಸಿಕ್ಕ ಬಲೆಯನ್ನೆಲ್ಲ ಕೊಯ್ದು ತಂದು ಚಿಕ್ಕಮಾವನ ಗೇಟಿಗೆ ಸುತ್ತಿ ಬರುತ್ತೇನೆ. ನನ್ನ ಗಂಡ, "ಅವ್ವ ಓಯ್ತು. ಇನ್ನಾದ್ರೂ ಸಾಕು ಬುಡೇ" ಎನ್ನುತ್ತಾರೆ.

ಸಾಕಾಗಿಲ್ಲ. ಹೊಳೆಯಲ್ಲಿ ಇನ್ನೂ ಬಲೆ ಇದೆ.