ಹುಲ್ಲಿನ ಮೆದೆಯ ಹಿಂದಿನ ಟ್ರ್ಯಾಕ್ಟರ್

ನಿಮ್ಮ ಊರಿಗೆ ಬರಬೇಕಾಗಿದ್ದ ತೆರಿಗೆ ರಿಯಾಯಿತಿಯನ್ನು ತಪ್ಪಿಸಿದ್ದು ನೀನು ಬಡಿಸಿದ ತುಪ್ಪವಲ್ಲ, ಅಕ್ಕ. ನಾನು. ನಿನ್ನ ಒಡಹುಟ್ಟಿದ ತಮ್ಮ.

ಇಷ್ಟು ವರ್ಷ — ಹೇಗೆ ಹೇಳಲಿ — ನೀನು ಆ ತುಪ್ಪವನ್ನು ಶಪಿಸುವಾಗಲೆಲ್ಲ ನಾನು ತಟ್ಟೆ ನೋಡಿಕೊಂಡು ಅನ್ನ ಕಲಸುತ್ತಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಒಂದು ಸಾಲು ಬರೆಯಲು ಎರಡು ಸಾಲು ಹೊಡೆದುಹಾಕುತ್ತೇನೆ. ನಿನ್ನ ಎದುರು ಹೇಳಲು ಬಂದರೆ ಬೇರೇನೋ ಮಾತಾಡಿ ಹೊರಟುಬಿಡುತ್ತೇನೆ. ಅದಕ್ಕೆ ಮೊದಲು ಬರೆಯುತ್ತಿದ್ದೇನೆ.

ನರಸೀಪುರ ತಾಲ್ಲೂಕಿನಲ್ಲಿ ತೀರಾ ಹಿಂದುಳಿದ ಒಂದು ಊರನ್ನು ಆರಿಸುತ್ತಾರೆ, ಅಲ್ಲಿ ಸಣ್ಣ ಉದ್ಯಮ ಹಾಕುವವರಿಗೆ ಶೆಡ್ ಕಟ್ಟಿಸಿಕೊಟ್ಟು ಕೆಲವು ವರ್ಷ ತೆರಿಗೆ ಬಿಡುತ್ತಾರೆ ಎಂದು ಸುದ್ದಿ ಬಂದಿತ್ತಲ್ಲ. ನೀನು ಆಗ ಪಂಚಾಯಿತಿ ಮೆಂಬರು. ಬಾಳೆಕಾಯಿ ಚಿಪ್ಸ್ ಮಾಡುವ ಘಟಕ ಹಾಕಬೇಕು, ಬೀದಿಯ ಹೆಂಗಸರಿಗೆಲ್ಲ ಮನೆ ಹತ್ತಿರವೇ ಕೆಲಸ ಆಗಬೇಕು ಎಂದು ಹಟ ಹಿಡಿದಿದ್ದೆ.

ಹಿಂದುಳಿದವರಾಗಿ ಕಾಣುವುದಕ್ಕೆ ನಿಮ್ಮೂರು ಪಟ್ಟ ಶ್ರಮ! ಮದುವೆಗೂ ಅಷ್ಟು ತಯಾರಿಯನ್ನು ನಾನು ಕಂಡಿಲ್ಲ. ಬೈಕುಗಳೆಲ್ಲ ರೇಷ್ಮೆಹುಳು ಸಾಕುವ ಮನೆ ಸೇರಿದವು. ಭಾವ ಹೊಸ ಟ್ರ್ಯಾಕ್ಟರನ್ನು ಕಣದ ಹುಲ್ಲಿನ ಮೆದೆಯ ಹಿಂದೆ ನಿಲ್ಲಿಸಿ ಮೇಲೆ ಹುಲ್ಲು ಹೊದಿಸಿದರು. ನಿನ್ನ ಅತ್ತೆ ಫ್ರಿಜ್ಜಿಗೆ ಹಳೇ ಸೀರೆ ಉಡಿಸಿ ಮೇಲೊಂದು ದೀಪ ಹಚ್ಚಿಟ್ಟರು — ಊರು ನೋಡಲು ಬಂದ ಅಧಿಕಾರಿಗಳಲ್ಲಿ ಒಬ್ಬರು ಅದಕ್ಕೂ ಕೈಮುಗಿದರು, ನೆನಪಿದೆಯಾ?

ಆದರೆ ಊಟಕ್ಕೆ ಕೂತಾಗ ನಿನ್ನ ಕೈ ನಿಲ್ಲಲಿಲ್ಲ. ಮನೆಗೆ ಬಂದವರಿಗೆ ಒಣ ಹೋಳಿಗೆ ಹಾಕುವುದುಂಟೆ? ತುಪ್ಪ ಸುರಿದೆ. ಭಾವ ನಿನ್ನನ್ನು ಅಡುಗೆಮನೆಗೆ ಕರೆದು ಹಲ್ಲು ಕಡಿದರು.

"ಇಂದುಳ್ದೋರ್ ಮನೇಲಿ ಇಷ್ಟೊಂದ್ ತುಪ್ಪ ಇರ್ತದೇನಮ್ಮಿ?"

"ಹಸ ಇಂದುಳ್ದಿಲ್ವಲ್ಲ, ನಾನೇನ್ ಮಾಡ್ಲಿ?" ಎಂದೆ ನೀನು.

ಆ ದಿನ ಅಧಿಕಾರಿಗಳು ಬಂದದ್ದು ನನ್ನ ವ್ಯಾನಿನಲ್ಲಿ. ಬಾಡಿಗೆ ಕೊಡಿಸಿದವಳೂ ನೀನೇ. ಹೊರಡುವಾಗ ಕಿಟಕಿ ಹತ್ತಿರ ಬಂದು, "ಮಾದೇವ, ದಾರೀಲಿ ಅವ್ರು ಏನಾರ ಅನ್ಲಿ, ನೀನು ಬಾಯ್ ಮುಚ್ಕಂಡ್ ಗಾಡಿ ಓಡ್ಸು ಕಣ್ಲಾ" ಎಂದಿದ್ದೆ.

ಇಷ್ಟೇ, ಅಕ್ಕ. ಇಷ್ಟೇ ಕೆಲಸ ನನಗಿದ್ದದ್ದು.

ನಿನ್ನ ತುಪ್ಪವನ್ನು ಅವರು ಅನುಮಾನದಿಂದ ನೋಡಲೇ ಇಲ್ಲ. "ಪಾಪ, ಎಲ್ಲಿಂದಲೋ ಕಡ ತಂದು ಬಡಿಸಿದ್ದಾರೆ" ಎಂದು ಮರುಗಿದರು. ವ್ಯಾನು ಊರ ಅಂಚಿನ ಕಣದ ಹತ್ತಿರ ಬಂದಿರಬೇಕು, ಹಿರಿಯ ಅಧಿಕಾರಿ ಕನ್ನಡಕ ಒರೆಸಿಕೊಳ್ಳುತ್ತಾ ಹೇಳಿದರು: "ಇಷ್ಟು ಊರು ನೋಡಿದ್ವಿ, ಇಂಥ ಹಿಂದುಳಿದ ಊರು ಇನ್ನೊಂದಿಲ್ಲ. ಇದೇ ಆಗಲಿ. ಅಲ್ಲಾ, ಇಲ್ಲಿಗೆ ಯಾರಾದ್ರೂ ಹೆಣ್ಣು ಕೊಡ್ತಾರೇನ್ರೀ?"

ಹಿಂದಿನ ಸೀಟಿನವರು ನಕ್ಕರು.

ಅಪ್ಪ ಇಲ್ಲದ್ದರಿಂದ ನಿನ್ನ ಗಂಡಿನ ಮನೆಯನ್ನು ನೋಡಿ ಒಪ್ಪಿ ಬಂದವನು ನಾನು. ನಮ್ಮಕ್ಕನನ್ನು ಎಂಥ ಊರಿಗೆ ಕೊಟ್ಟಿದ್ದೇವೆ ಗೊತ್ತಾ ಎಂದು ನಮ್ಮೂರು ಹೆಮ್ಮರಗಾಲದ ಜಗಲಿ ಜಗಲಿಯಲ್ಲೂ ಹೇಳಿಕೊಂಡು ತಿರುಗಿದವನು. ಆ ನಗು ಕೇಳಿ — ಕಾಲು ತಾನಾಗಿ ಬ್ರೇಕ್ ಒತ್ತಿತು.

"ನಮ್ಮಕ್ಕನ್ನ ಕೊಟ್ಟಿರ ಊರು ಸಾ ಇದು! ಇಂದುಳ್ದಿರ ಊರ್ಗೆ ನಾವು ಎಣ್ ಕೊಡ್ತಿದ್ವಾ? ಇಳೀರಿ, ಆ ಮೆದೆ ಇಂದ್ಗಡೆ ಟ್ರ್ಯಾಕ್ಟರ್ ತೋರುಸ್ತೀನಿ!"

ತೋರಿಸಿದೆ, ಅಕ್ಕ. ಹುಲ್ಲು ಸರಿಸಿ, ಬಾನೆಟ್ಟು ತಟ್ಟಿ ತೋರಿಸಿದೆ. ಅಷ್ಟಕ್ಕೇ ಬಿಟ್ಟೆನೆ? ಪಕ್ಕದ ಹುಳುಮನೆಯ ಬಾಗಿಲು ತೆಗೆದು ಬೈಕುಗಳನ್ನೂ ತೋರಿಸಿದೆ. ಫ್ರಿಜ್ಜಿನ ವಿಷಯ ಹೇಳಿದಾಗ ಕೈಮುಗಿದಿದ್ದವರ ಮುಖ ನೋಡಲಾಗಲಿಲ್ಲ. ನೀನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆಯೋ ಏನೋ, ಭಾವ ಉಂಡು ಮಲಗಿದ್ದರೋ ಏನೋ — ಯಾರೂ ನೋಡಲಿಲ್ಲ. ಟ್ರ್ಯಾಕ್ಟರಿಗೆ ಮತ್ತೆ ಹುಲ್ಲು ಹೊದಿಸಿ ಬಂದು ಗಾಡಿ ಹತ್ತಿದೆ.

"ಆಯ್ತಪ್ಪಾ, ನಿಮ್ಮಕ್ಕನ ಊರು ಮುಂದುವರಿದಿದೆ" ಎಂದರು ಹಿರಿಯರು.

ನನ್ನ ಎದೆ ಉಬ್ಬಿತು. ನರಸೀಪುರದ ಸೇತುವೆ ಸಿಗುವ ತನಕ ಉಬ್ಬಿಕೊಂಡೇ ಇತ್ತು. ಸೇತುವೆಯ ನಡುಮಧ್ಯದಲ್ಲಿ ಗೊತ್ತಾಯಿತು, ನಾನು ಏನು ಮಾಡಿಬಂದೆನೆಂದು. ಆಗಲಾದರೂ ಅವರ ಕಾಲು ಹಿಡಿಯಬಹುದಿತ್ತು — ಹಿಡಿಯಲಿಲ್ಲ. ಹಿಡಿದರೆ ನಿಮ್ಮ ಊರು ಹಿಂದುಳಿದದ್ದೆಂದು ನನ್ನ ಬಾಯಿಂದಲೇ ಬರಬೇಕಲ್ಲ.

ಶೆಡ್ಡುಗಳು ಪಕ್ಕದ ಊರಿಗೆ ಹೋದವು. ಭಾವ ನಿನ್ನನ್ನು "ತುಪ್ಪದ ಮೆಂಬರು" ಎಂದು ಕರೆಯತೊಡಗಿದರು, ಊರೂ ಹಾಗೇ ಕರೆಯಿತು. ಮುಂದಿನ ಎಲೆಕ್ಷನ್ನಿಗೆ ನೀನು ನಿಲ್ಲಲಿಲ್ಲ. ಈಗ ನೀನೂ ಬೀದಿಯ ಹೆಂಗಸರೂ ಬೆಳಕು ಹರಿಯುವ ಮುಂಚೆ ಎದ್ದು ತಾಂಡವಪುರದ ಕಡೆಯ ಕಾರ್ಖಾನೆಗೆ ಹೋಗುತ್ತೀರಿ. ಕರೆದುಕೊಂಡು ಹೋಗುವುದು ಯಾರ ವ್ಯಾನು? ನಿಮ್ಮ ಊರಲ್ಲೇ ಕೆಲಸ ಇದ್ದಿದ್ದರೆ ಈ ಬಾಡಿಗೆ ನನಗೆಲ್ಲಿ ಸಿಗುತ್ತಿತ್ತು? ಮುಂದಿನ ಸೀಟಿನಲ್ಲಿ ತೂಕಡಿಸುತ್ತಾ ನೀನು, "ನೀನಿಲ್ದಿದ್ರೆ ನಮ್ ಗತಿ ಏನ್ಲಾ ಮಾದೇವ" ಅನ್ನುತ್ತೀಯೆ. ನಾನು ಗೇರು ಬದಲಾಯಿಸುತ್ತೇನೆ. ಬದಲಾಯಿಸುವುದು ಬೇಡದ ಕಡೆಯೂ ಬದಲಾಯಿಸುತ್ತೇನೆ.

ನೆಂಟರು ಬಂದರೆ ಈಗ ನೀನು ತುಪ್ಪದ ಗಿಂಡಿಯನ್ನು ಒಳಗೇ ಬಿಟ್ಟು ಬರುತ್ತೀಯಲ್ಲ — ಅದನ್ನು ನೋಡಲು ನನ್ನಿಂದ ಇನ್ನು ಆಗುವುದಿಲ್ಲ.

ಭಾನುವಾರ ಊಟಕ್ಕೆ ಬರುತ್ತೇನೆ. ಭಾವನ ಎದುರಿಗೂ, ನಿನ್ನ ಅತ್ತೆಯ ಎದುರಿಗೂ ಇದನ್ನೆಲ್ಲ ನಾನೇ ಬಾಯಿಬಿಟ್ಟು ಹೇಳುತ್ತೇನೆ. ಹೇಳಿದ ಮೇಲೆ ಗಿಂಡಿ ಹೊರಗೆ ತಾ, ಎಲ್ಲರಿಗೂ ಕೈತುಂಬ ಬಡಿಸು. ಅದರದೇನೂ ತಪ್ಪಿಲ್ಲ.

ನನ್ನ ಎಲೆ ಬಂದಾಗ ಮಾತ್ರ ದಾಟಿಕೊಂಡು ಹೋಗು.