ಜಿಲೇಬಿಯ ಹಿಂದಿನ ಮುಖ

ಕಾಕೂಗೆ ಯಾರ ಮೇಲಾದರೂ ತಿರಸ್ಕಾರ ಬಂದರೆ ಮೊದಲು ಮೂಗಿನ ಎಡ ಹೊಳ್ಳೆ ಮೇಲೇಳುತ್ತಿತ್ತು. ಆಮೇಲೆ ಅದೇ ಕಡೆಯ ಹುಬ್ಬು. ಕೊನೆಗೆ ಕೆಳತುಟಿ ಹೊರಬಂದು, ಎದುರಿಗಿದ್ದವನು ಹುಟ್ಟಿದ್ದೇ ತಪ್ಪು ಎಂಬಂತೆ ನಿಂತುಬಿಡುತ್ತಿತ್ತು. ಇಚಲಕರಂಜಿಯ ನಮ್ಮ ಓಣಿಯಲ್ಲಿ ಪವರ್‌ಲೂಮುಗಳ ಸದ್ದಿಗೆ ಪಕ್ಕದವರ ಮಾತೂ ಕೇಳುವುದಿಲ್ಲ. ಅರ್ಧ ವ್ಯವಹಾರ ಮುಖದಲ್ಲೇ ನಡೆಯಬೇಕು. ಕಾಕೂ ಆ ವಿದ್ಯೆಯಲ್ಲಿ ಪಳಗಿದವಳು.

ಅವಳದು ನಮ್ಮ ಪಕ್ಕದ ಮನೆ, ಹಳೆಯ ಜೈನ ಮನೆತನ. ನಾನು ಶಾಲೆಯಲ್ಲಿ ಕಲಿಸಲು ಸೇರಿದ ಮೇಲೆ ಹೆಸರು ಬಿಟ್ಟು 'ಮಾಸ್ತರ' ಎನ್ನತೊಡಗಿದಳು, ಆದರೆ ಏಕವಚನ ಬಿಡಲಿಲ್ಲ. ಹೆಚ್ಚು ತಿನ್ನುವವರು, ಹೆಚ್ಚು ಕೊಳ್ಳುವವರು ಅವಳ ಲೆಕ್ಕದಲ್ಲಿ ಮನುಷ್ಯರೇ ಅಲ್ಲ. ಎದುರು ಮನೆಗೆ ಎರಡನೆಯ ಫ್ರಿಜ್ ಬಂದ ದಿನ, "ಯಾಕ, ಹೊಟ್ಟಿ ಬಾಡಿಗಿ ತಂದಾರೇನ?" ಎಂದಳು. ನಾನು ದೊಡ್ಡ ಮಗ್ಗು ಹಿಡಿದು ಕಟ್ಟೆಗೆ ಬಂದರೆ, "ಮಾಸ್ತರ, ಅದು ಕುಡಿಯೂ ಛಾನೋ, ಕಾಲ ತೊಳಿಯೂ ನೀರೋ?" ನನಗೆ ಆ ಬಾಯಿ ಭಾಳ ಸೇರುತ್ತಿತ್ತು. ನನ್ನ ಸ್ವಭಾವವೂ ಅಷ್ಟೇನೂ ಸಿಹಿಯಲ್ಲ.

ತಾಯಿಯಿಲ್ಲದ ಮೊಮ್ಮಗಳನ್ನು ಸಾಕಿ, ಕೊಲ್ಹಾಪುರದ ಒಬ್ಬ ಬೆಲ್ಲದ ವ್ಯಾಪಾರಿಯ ಮಗನಿಗೆ ಕೊಟ್ಟಿದ್ದಳು. ಹುಡುಗ ಒಳ್ಳೆಯವನು. ಅಪ್ಪ ಮಾತ್ರ ಸಭೆಯಲ್ಲಿ ಶಾಲು ಹೊದಿಸಿಕೊಳ್ಳಲಿಕ್ಕೇ ಹುಟ್ಟಿದಂಥ ಆಸಾಮಿ. ಯಾರ ಮನೆಯ ಮದುವೆಯಾದರೂ ಮುಂದಿನ ಕುರ್ಚಿ ಅವನಿಗೇ ಬೇಕು.

ಅವರ ಸಂಬಂಧಿಕರ ಮದುವೆಯಲ್ಲೇ ಆ ಫೋಟೋ ತೆಗೆದದ್ದು. ಮುಂದೆ ಬೀಗರು: ತಟ್ಟೆಯಲ್ಲಿ ಜಿಲೇಬಿಯ ರಾಶಿ, ಎರಡೂ ಗಲ್ಲ ಉಬ್ಬಿವೆ, ಗದ್ದದ ಮೇಲೆ ಪಾಕ ಇಳಿದಿದೆ. ಹಿಂದೆ ಕುರ್ಚಿಯ ಮೇಲೆ ಕಾಕೂ: ಹೊಳ್ಳೆ, ಹುಬ್ಬು, ತುಟಿ, ಮೂರೂ ತಮ್ಮ ತಮ್ಮ ಜಾಗದಲ್ಲಿ. ಯಾವನೋ ಸುತ್ತಲಿನದೆಲ್ಲ ಕತ್ತರಿಸಿ ಇಬ್ಬರನ್ನಷ್ಟೇ ಉಳಿಸಿ ಮೀಮ್ ಮಾಡಿಬಿಟ್ಟ. ಅಲ್ಲಿಂದ ಶುರುವಾಯಿತು ಪೋರರ ಸಾಹಿತ್ಯಸೇವೆ. ಬೀಗರ ಮೇಲೆ 'ಒಂದನೇ ತಾರೀಖಿನ ನಾನು', ಕಾಕೂನ ಮೇಲೆ 'ನನ್ನ ಪಗಾರ'. ಇನ್ನೊಬ್ಬ ಮರಾಠಿಯಲ್ಲಿ, 'ಡಾಯೆಟ್ ಸೋಮವಾರಪಾಸೂನ್', ಅಂದರೆ ಪಥ್ಯ ಸೋಮವಾರದಿಂದ. ಮತ್ತೊಬ್ಬನಿಗೆ ಏನೂ ಹೊಳೆಯದೆ ಬರೀ ಅಳುವಷ್ಟು ನಗುವ ಗೊಂಬೆಗಳು. ಒಂದು ಸಾಲು ನೆಟ್ಟಗೆ ಬರೆಯಲು ಬಾರದವರೆಲ್ಲ ಆ ವಾರ ಲೇಖಕರಾದರು.

ನಾನು ಕಟ್ಟೆಯ ಮೇಲೆ ಕೂತು ಒಂದೊಂದನ್ನೇ ಓದಿ ಹೇಳಿದೆ.

"ಇದನ್ನ ಬರದಾಂವ ಸಾಲಿಗಿ ಹೋಗ್ಯಾನೇನ? ಉಪ್ಪಿಲ್ಲ, ಹುಳಿಯಿಲ್ಲ."

"ಹಂಗಾರ ಏನ ಬರೀಬೇಕಿತ್ತ, ನೀನs ಹೇಳ ಕಾಕೂ."

"ಮಾರಿ ಕಂಡ ಮ್ಯಾಲ ಮತ್ತ ಮಾತ್ಯಾಕೋ?"

ನಗು ಅಲ್ಲಿಗೇ ಮುಗಿಯಿತು. ಮೀಮ್ ಬೀಗರ ಫೋನಿಗೂ ಹೋಯಿತು. ಊರ ಪೋರರನ್ನು ಕೇಳುವ ಧೈರ್ಯ ಆ ಮಹಾಶಯನಿಗೆ ಎಲ್ಲಿಂದ ಬರಬೇಕು? ಸಿಟ್ಟು ತಿರುಗಿದ್ದು ಬಸುರಿ ಸೊಸೆಯ ಮೇಲೆ. ಮುದುಕಿ ಬಂದು ಎಲ್ಲರೆದುರು ಕ್ಷಮೆ ಕೇಳುವ ತನಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಕಳಿಸುವುದಿಲ್ಲ ಎಂದು ಹೇಳಿಕಳಿಸಿದ. ಹುಡುಗಿ ಫೋನಿನಲ್ಲಿ ಅತ್ತಳು. ಕಾಕೂನ ಮುಖದ ಮೇಲೆ ಅವತ್ತು ತಿರಸ್ಕಾರ ಕಾಣಲಿಲ್ಲ, ಹೆದರಿಕೆ ಕಂಡಿತು. ನನಗೆ ಅದನ್ನು ನೋಡಲಾಗಲಿಲ್ಲ.

"ಕೇಳ್ತೇನಿ ಬಿಡು. ನನ್ನ ಮೂಗ ಏನ ಸವೀತೈತಿ? ಕೂಸು ಮನಿಗಿ ಬಂದ್ರ ಸಾಕು," ಎಂದಳು. ಬಸ್ಸಿನಲ್ಲಿ ಕೊಲ್ಹಾಪುರದವರೆಗೂ ನಾನು ಪಾಠ ಹೇಳಿಕೊಟ್ಟೆ: 'ನಿಮ್ಮ ಊಟಾ ನೋಡಿ ಮಾರಿ ಮುರದಿಲ್ರಿ, ತಪ್ಪಾಗಿದ್ರ ಕ್ಷಮಾ ಮಾಡ್ರಿ.' ಇಷ್ಟು ಅಂದು ಎದ್ದು ಬರುವುದು ಎಂದು ಕೈ ಹಿಡಿದು ಒಪ್ಪಿಸಿದೆ.

ಬೀಗರು ಅಣ್ಣತಮ್ಮಂದಿರನ್ನೂ ಅಳಿಯಂದಿರನ್ನೂ ಕೂಡಿಸಿಕೊಂಡು ಸೋಫಾದ ಮೇಲೆ ಕೂತಿದ್ದರು. ಬಾಗಿಲ ಹತ್ತಿರ ಮೊಮ್ಮಗಳು ಸೆರಗು ಕಚ್ಚಿಕೊಂಡು ನಿಂತಿದ್ದಳು.

"ಬೀಗರ, ನೀವು ಎಷ್ಟ ತಿಂದ್ರಿ ಅಂತ ನಾ ನೋಡೇ ಇಲ್ರಿ," ಎಂದಳು ಕಾಕೂ.

"ಬಘಾ, ನೋಡ್ರಿ! ನಾ ಹೇಳಿದ್ನಿಲ್ಲ? ಎಲ್ಲಾ ಪೋರಗೋಳ ಕಾರಸ್ಥಾನ!" ಬೀಗರು ಅರಳಿಬಿಟ್ಟರು. ನಾನೂ ಉಸಿರು ಬಿಟ್ಟೆ. ಅಲ್ಲಿಗೇ ನಿಲ್ಲಿಸಿದ್ದರೆ ಆಗಿತ್ತು.

"ನಾ ನೋಡಿದ್ದು ನಿಮ್ಮ ತಾಟ ಅಲ್ರಿ, ಖಿಡಕಿ. ಹೊತ್ತ ಮುಳಗಿತ್ತು. ಮಾಸ್ತರ, ನಿನ್ನ ಫೋನಿನ್ಯಾಗ ಕತ್ತರಸದs ಇರೂ ಇಡೀ ಫೋಟೋ ಐತಲ್ಲ, ತೋರಸು."

ನಾನು ಜೇಬಿಗೆ ಕೈ ಹಾಕಿದೆ. ನಿಯಮ ಹಿಡಿದ ಜೈನರು ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಬೀಗರಂತೂ ಮುನಿಗಳೆದುರು ರಾತ್ರಿಯೂಟ ಬಿಟ್ಟೆನೆಂದು ವ್ರತ ಹಿಡಿದು, ಅದನ್ನೇ ಊರೂರಿನಲ್ಲಿ ಭಾಷಣ ಮಾಡಿ ಶಾಲು ಹೊದಿಸಿಕೊಂಡವರು. ಪೋರರು ಕತ್ತರಿಸಿ ಎಸೆದ ಭಾಗದಲ್ಲಿ ಆ ಕಿಟಕಿಯಿತ್ತು, ಹೊರಗೆ ಕಪ್ಪು ಆಕಾಶವಿತ್ತು. ಇಡೀ ಜಿಲ್ಲೆ ಜಿಲೇಬಿ ನೋಡಿ ನಗುತ್ತಿದ್ದಾಗ ಈ ಮುದುಕಿಯೊಬ್ಬಳೇ ಹೊತ್ತು ನೋಡಿದ್ದಳು.

ನಾನು ಫೋನು ತೆಗೆಯುವ ಮೊದಲೇ ಬೀಗರು ಎದ್ದು ನಿಂತರು. "ಫೋಟೋ ಯಾಕ್ರಿ, ಇರ್ಲಿ ಇರ್ಲಿ! ನಾವು ನಾವು ಏನ ಪರಕೀಯರ?" ಸೊಸೆಯತ್ತ ತಿರುಗಿ, "ಏ ಸೂನಬಾಯಿ, ಬ್ಯಾಗ್ ತುಂಬಿಕೊ ನೋಡು, ಬಸ್ ತಪ್ಪೀತು!" ಶಾಲಿನ ಮನುಷ್ಯ ಗಾಡಿ ಮಾಡಿಕೊಟ್ಟೇ ಕಳಿಸಿದ. ಅಂಥವನ ವ್ರತ, ಅಂಥವನ ಮಾನ, ಥೂ! ಕಾಕೂ ದಾರಿಯುದ್ದಕ್ಕೂ ಮೊಮ್ಮಗಳ ಕೈ ಹಿಡಿದು ಕೂತಿದ್ದಳು.

ಹೆರಿಗೆಯಾಯಿತು, ಹೆಣ್ಣು ಕೂಸು. ಆಮೇಲಿನದನ್ನು ನಾನು ಕಣ್ಣಾರೆ ಕಂಡೆ. ಬಾಣಂತಿ ಸಾಕೆಂದರೂ ಕಾಕೂ ಅನ್ನದ ಮೇಲೆ ಇನ್ನೊಂದು ಸೌಟು ತುಪ್ಪ ಸುರಿಯುತ್ತಿದ್ದಳು. ಅಳವಿ ಬೀಜದ ಪಾಯಸ, ಅಂಟಿನ ಉಂಡಿ, ಮತ್ತೆ ಮೇಲೆ ಹಾಲು. "ತಿನ್ನs. ಯಾರ ನೋಡ್ತಾರ? ನೋಡಿದ್ರ ನಾ ಅದೇನಿ," ಎನ್ನುತ್ತಿದ್ದಳು.

ಮುಂದಿನ ಚಳಿಗಾಲದಲ್ಲಿ ಕಾಕೂ ಹೋದಳು. ಮುಖ ಮಾತ್ರ ಹೋಗಲಿಲ್ಲ. ಎಲ್ಲೆಲ್ಲಿಯವರೋ ಯಾರ್ಯಾರ ಅತಿಯಾಸೆಯನ್ನೋ ಹೀಯಾಳಿಸಲು ಅದನ್ನು ಇಂದಿಗೂ ಕಳಿಸುತ್ತಾರೆ, ಕೆಳಗೆ ಅದೇ ಸಪ್ಪೆ ಸಾಲುಗಳು. ಮೊನ್ನೆ ಮೊಮ್ಮಗಳು ಬಂದಾಗ, ಬೇಸರವಾಗುವುದಿಲ್ಲವೇನವ್ವ ಎಂದು ಕೇಳಿದೆ.

"ಆ ಮಾರಿ ಕಂಡ್ರ ನನಗ ಹಸಿವಾಗತೈತಿ, ಅಣ್ಣಾ," ಎಂದಳು.