ಅಕ್ಕೋರ ಗಾಜಿನ ಪೆಟ್ಟಿಗೆಗಳು

ಕಳೆದ ತಿಂಗಳು ಹುಮನಾಬಾದಿನ ನಮ್ಮ ಪಕ್ಕದ ಮನೆಯಲ್ಲಿ ಕಪಾಟು ಖಾಲಿ ಮಾಡುತ್ತಿದ್ದರು. ಕಿಟಕಿಯಿಂದ ನುಸಿ ಗುಳಿಗೆಯ ವಾಸನೆ ಬಂತು. ಆ ವಾಸನೆ ಬಂದರೆ ನನಗೆ ನೆನಪಾಗುವುದು ಒಬ್ಬರೇ... ಆ ಮನೆಯ ಅಕ್ಕೋರು.

ಅವರು ಬಸವಕಲ್ಯಾಣದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ರವಿವಾರ ಬಲೆ ಹಿಡಿದು ಮೋರಖಂಡಿ, ಕೊಹಿನೂರದ ಹೊಲಗಳಲ್ಲಿ ಚಿಟ್ಟೆ, ಮಿಡತೆ, ಜೀರುಂಡೆ ಹುಡುಕುತ್ತಿದ್ದರು. ಒಣಗಿಸಿ, ಸೂಜಿ ಚುಚ್ಚಿ, ಕೆಳಗೆ ಹೆಸರು ಬರೆದು ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಕೂರಿಸುತ್ತಿದ್ದರು. ಮೂಲೆಗೆ ನುಸಿ ಗುಳಿಗೆ. ಒಮ್ಮೆ ನಾನೂ ಜೊತೆಗಿದ್ದೆ. ತೊಗರಿ ಕಾಯಿ ಹೀರುವ ಹುಳವೊಂದನ್ನು ಅವರು ಸೀಸೆಗೆ ಹಾಕುವುದನ್ನು ಕಂಡು ಹೊಲದವನು ನಕ್ಕ.

“ಒಂದಾ ಯಾಕ ಒಯ್ಯಾಕತ್ತೀರಿ ಅಕ್ಕೋರ? ಎಲ್ಲಾ ಒಯ್ರಿ, ನಮ್ಮ ತೊಗರಿ ಉಳೀತದ.”

“ನೀ ಹಿಡದು ಕೊಡು, ಅದರ ಬಾಜು ನಿನ್ನ ಹೆಸರೂ ಬರೀತೀನಿ,” ಎಂದರು ಅಕ್ಕೋರು.

ನಿವೃತ್ತಿ ಹತ್ತಿರವಾಗಿತ್ತು. ಅವರು ಕೇಳಿದ್ದು ಒಂದೇ: ತಾವು ಹೋದ ಮೇಲೂ ಆ ಪೆಟ್ಟಿಗೆಗಳು ಶಾಲೆಯ ಗೋಡೆಯ ಮೇಲಿರಬೇಕು, ಮಕ್ಕಳು ನೋಡಬೇಕು. ಮುಖ್ಯೋಪಾಧ್ಯಾಯರು ಒಪ್ಪಿದರು. ದಸರೆ ರಜೆ ಮುಗಿದ ಮೇಲೆ ಮೊಳೆ ಹೊಡೆಸುವುದೆಂದಾಯಿತು. ಅಲ್ಲಿಯವರೆಗೆ ಪೆಟ್ಟಿಗೆಗಳು ಪ್ರಯೋಗಾಲಯದ ಮೇಜಿನ ಮೇಲಿದ್ದವು.

ರಜೆಗೆ ಬಿಡುವ ದಿನ ಶಾಲೆಯಲ್ಲಿ ಆಯುಧ ಪೂಜೆ. ಜ್ವರ ಬಂದಿದ್ದರಿಂದ ಅಕ್ಕೋರು ಹೋಗಲಿಲ್ಲ. ಶಾಲೆ ಮತ್ತೆ ತೆರೆದ ದಿನ ಪತ್ರಿಕೆಯ ವರದಿ ಕೆಲಸಕ್ಕೆಂದು ನಾನೂ ಅವರ ಬಸ್ಸಿನಲ್ಲೇ ಇದ್ದೆ. ಗೋಡೆ ತೋರಿಸುತ್ತೇನೆಂದು ಅಕ್ಕೋರು ಕರೆದೊಯ್ದರು. ಶಾಲೆಯ ಜವಾನ ನಗುತ್ತ ಬಾಗಿಲಲ್ಲೇ ಎದುರಾದ.

“ನೀವು ಇದ್ದಿಲ್ಲಂತ ಬಿಟ್ಟಿಲ್ರಿ ಅಕ್ಕೋರ. ನಿಮ್ಮ ಹುಳಕ್ಕೂ ಪೂಜಾ ಮಾಡೀವಿ. ಆ ಗುಳಿಗಿ ಭಾಳ ನಾರಾಕತ್ತಿದ್ವು, ತೆಗದು ಹೂವ, ಸಕ್ರಿ ಇಟ್ಟೀವಿ.”

ಒಳಗಿಟ್ಟ ಚೆಂಡು ಹೂವಿನ ಹಾರದಿಂದಾಗಿ ಮುಚ್ಚಳಗಳು ಪೂರ್ತಿ ಕೂತಿರಲಿಲ್ಲ. ಸಕ್ಕರೆಗೆ ಬಂದ ಇರುವೆಗಳು ಸಕ್ಕರೆ ಮುಗಿಸಿ ಹುಳಗಳನ್ನೂ ಮುಗಿಸಿದ್ದವು. ಬಾಡಿದ ಹೂವಿನ ನಡುವೆ ಸೂಜಿಗಳು ಸಾಲಾಗಿ ನಿಂತಿದ್ದವು, ಕೆಳಗೆ ಹೆಸರುಗಳು. ಒಂದು ಕಡೆ ಚಿಟ್ಟೆಯ ಅರ್ಧ ರೆಕ್ಕೆ...

ಜವಾನನ ನಗು ನಿಂತಿತು. “ತಪ್ಪಾತೇನ್ರಿ?”

ಅಕ್ಕೋರು ಒಂದು ಪೆಟ್ಟಿಗೆಯ ಮುಚ್ಚಳ ಎತ್ತಿದರು. “ಪೂಜಾ ಮಾಡಿದವರಿಗಿ ಏನಂತ ಬೈಲಿ? ಆ ಹೂವ ತೆಗಿ.”

ಗೋಡೆಗೆ ಮೊಳೆ ಬೀಳಲಿಲ್ಲ. ನಿವೃತ್ತರಾದ ಮೇಲೆ ಅವರು ಹೊಲಗಳ ಕಡೆ ಹೋದದ್ದನ್ನು ನಾನು ಕಾಣಲಿಲ್ಲ. ಬಲೆ ಹಿತ್ತಲಿನ ಗೂಟದಲ್ಲೇ ಬಿಸಿಲಿಗೆ ಹರಿದುಹೋಯಿತು.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಕಪಾಟು ಖಾಲಿ ಮಾಡುತ್ತಿದ್ದವಳು ಅವರ ತಂಗಿಯ ಮಗಳು. ಅವಳು ಒಂದು ಗಾಜಿನ ಪೆಟ್ಟಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದಳು.

“ಕಾಕಾ, ಇದರಾಗ ಬರೀ ಸೂಜಿ ಅದಾವ. ಆದರ ಗುಳಿಗಿ ಹೊಸಾವು. ದೊಡ್ಡವ್ವ ಯಾಕ ಇಟ್ಟಿದ್ದಳ್ರಿ?”

ಮೂಲೆಯ ಗುಳಿಗೆಗಳು ಇನ್ನೂ ಸವೆದಿರಲಿಲ್ಲ. ಪೆಟ್ಟಿಗೆಯನ್ನು ಇಸಿದುಕೊಂಡೆ.

ಈಗ ಅದು ನನ್ನ ಕಪಾಟಿನಲ್ಲಿದೆ. ಗುಳಿಗೆಗಳು ಸಣ್ಣಗಾಗುತ್ತಿವೆ. ವಾಸನೆ ಬಾಗಿಲು ತೆರೆದರಷ್ಟೇ ಬರುತ್ತದೆ.